ಅಮೀರನ ತುಪ್ಪ, ಲೇಕ್ ಮಾರ್ಕೆಟ್‌ನ ಎಣ್ಣೆ

ಕೋಲ್ಕತ್ತದ ಅಡುಗೆಮನೆಯಲ್ಲಿ ಸಾಸಿವೆ ಎಣ್ಣೆಯದೇ ಕಾರುಬಾರು. ಮೀನಿಗೂ ಅದೇ, ಬದನೆಕಾಯಿಗೂ ಅದೇ, ಸಂಜೆಯ ಮಂಡಕ್ಕಿಗೆ ಹಸಿಯಾಗಿ ಕಲಸುವುದೂ ಅದನ್ನೇ. ರಾಸಬಿಹಾರಿ ಅವೆನ್ಯೂ ಪಕ್ಕದ ಲೇಕ್ ಮಾರ್ಕೆಟ್ಟಿಗೆ ಬಂದರೆ ಮಾತ್ರ ಕಪಾಟಿನ ನೋಟ ಬದಲಾಗುತ್ತದೆ. ದಕ್ಷಿಣದಿಂದ ಬಂದು ನೆಲೆಸಿದ ಮನೆಗಳಿಗಾಗಿ ಬೆಳೆದ ಅಂಗಡಿಗಳಿವು. ಕರಿಬೇವು, ನುಗ್ಗೆಕಾಯಿ, ಬಾಳೆಎಲೆ, ಹಪ್ಪಳ, ಆಗಷ್ಟೇ ಪುಡಿ ಮಾಡಿದ ಕಾಫಿ, ಇವುಗಳ ನಡುವೆ ಕೊಬ್ಬರಿ ಎಣ್ಣೆ ಮತ್ತು ಎಳ್ಳೆಣ್ಣೆ. ಡಿಸೆಂಬರ್ ಕೊನೆಯ ವಾರ ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. 24-25 ಡಿಗ್ರಿಗಿಂತ ಕೆಳಗಿಳಿದ ಚಳಿಗೆ ಕೊಬ್ಬರಿ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ, ಎಳ್ಳೆಣ್ಣೆ ಮಾತ್ರ ತನಗೇನೂ ಆಗಿಲ್ಲವೆಂಬಂತೆ ಹರಿಯುತ್ತಿರುತ್ತದೆ.

ಹೀಗೆ ಗಟ್ಟಿಯಾಗುವ ಗುಣದಿಂದಲೇ ಕೊಬ್ಬರಿ ಎಣ್ಣೆಗೆ ಈಚೆಗೆ ಇನ್ನೊಂದು ಖ್ಯಾತಿ ಬಂದಿದೆ. ಹಾಲು-ತುಪ್ಪ ಬಿಟ್ಟವರು ಭಂಗಿಯನ್ನು, ಅಂದರೆ ಗಾಂಜಾ ಗಿಡದ ಎಲೆಯನ್ನು, ತುಪ್ಪದ ಬದಲು ಕೊಬ್ಬರಿ ಎಣ್ಣೆಯಲ್ಲಿ ಇಳಿಸಿ ಬಿಸ್ಕತ್ತಿಗೋ ಬರ್ಫಿಗೋ ಬಳಸುವ ರೂಢಿ ಹಲವು ದೇಶಗಳಲ್ಲಿ ಹಬ್ಬಿದೆ. ಪೂರ್ತಿ ಗಿಡದ್ದೇ ಆದ್ದರಿಂದ ಸೌಮ್ಯ ಎಂಬ ನಂಬಿಕೆಯೂ ಅದರ ಜತೆಗೇ ಹಬ್ಬಿದೆ. ಅದನ್ನು ಮಾಡುವ ಕ್ರಮ ಬರೆಯಲು ನಾನು ಕೂತಿಲ್ಲ. ಎಣ್ಣೆ ಆ ಗಿಡಕ್ಕೆ ಏನು ಮಾಡುತ್ತದೆ, ಆಮೇಲೆ ತಿಂದವರ ದೇಹದಲ್ಲಿ ಏನು ನಡೆಯುತ್ತದೆ ಎಂಬುದಷ್ಟೇ ಇಲ್ಲಿನ ವಿಷಯ. ಅದನ್ನು ಕೇಳಲು ಕೋಲ್ಕತ್ತಕ್ಕಿಂತ ಸರಿಯಾದ ಊರು ಇನ್ನೊಂದಿಲ್ಲ.

ಲೇಕ್ ಮಾರ್ಕೆಟ್ಟಿಗೆ ಹತ್ತಿರದ ಕಾಳಿಘಾಟ್ ನಿಲ್ದಾಣದಲ್ಲಿ ಮೆಟ್ರೋ ಹತ್ತಿ ಉತ್ತರಕ್ಕೆ ಹೋದರೆ 1835ರಲ್ಲಿ ಶುರುವಾದ ಮೆಡಿಕಲ್ ಕಾಲೇಜು ಸಿಗುತ್ತದೆ. ಅಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ವಿಲಿಯಂ ಬ್ರೂಕ್ ಓ'ಶಾಗ್ನೆಸಿ ಐರ್ಲೆಂಡಿನವನು. ಈ ದೇಶದಲ್ಲಿ ಮೊದಲ ಟೆಲಿಗ್ರಾಫ್ ತಂತಿಗಳನ್ನು ಎಳೆಸಿದವನೂ ಇವನೇ. 1839ರಲ್ಲಿ ಅವನು ಗಾಂಜಾದ ಬಗ್ಗೆ ಬರೆದ ದೀರ್ಘ ಪ್ರಬಂಧ ಯುರೋಪಿನ ವೈದ್ಯರಿಗೆ ಈ ಗಿಡವನ್ನು ಪರಿಚಯಿಸಿತು. ಅದರಲ್ಲಿ ನನಗೆ ತುಂಬ ಹಿಡಿಸಿದ್ದು ರೋಗಿಗಳ ಕಥೆಯಲ್ಲ, ಅಮೀರ್ ಎಂಬ ಕಸುಬುದಾರನ ಕಥೆ. ಕಲ್ಕತ್ತದ ಗಾಂಜಾಪ್ರಿಯರು ಕೂಡುತ್ತಿದ್ದ ಹೆಸರಾಂತ ಜಾಗವೊಂದರ ಮಾಲೀಕ. ಮಾಜೂಮು, ಅಂದರೆ ಭಂಗಿಯ ಮಿಠಾಯಿ, ಮಾಡುವುದರಲ್ಲಿ ಅವನನ್ನು ಮೀರಿಸುವವರಿಲ್ಲ ಎಂಬ ಖ್ಯಾತಿಯಿತ್ತು. ಪ್ರೊಫೆಸರ್ ಅವನ ಒಲೆಯ ಮುಂದೆ ನಡೆಯುವುದನ್ನು ಬಲು ಶ್ರದ್ಧೆಯಿಂದ ಬರೆದಿಟ್ಟಿದ್ದಾನೆ.

ಅಮೀರ್ ಎಲೆಯನ್ನು ಬರೀ ತುಪ್ಪಕ್ಕೆ ಹಾಕುತ್ತಿರಲಿಲ್ಲ, ಜತೆಗೆ ನೀರನ್ನೂ ಹಾಕುತ್ತಿದ್ದ. ಇದ್ದಿಲ ಕಾವಿನ ಮೇಲೆ ಬಿಡದೆ ಕೈಯಾಡಿಸುವುದು. ನೀರೆಲ್ಲ ಇಂಗಿ ಪಾತ್ರೆಯ ಅಂಚಿನಲ್ಲಿ ತುಪ್ಪ ಚಟಚಟ ಎನ್ನತೊಡಗಿದರೆ ಇಳಿಸುವ ಹೊತ್ತು. ಬಿಸಿ ಇರುವಾಗಲೇ ಬಟ್ಟೆಯಲ್ಲಿ ಹಿಂಡಿದರೆ ನಾರೆಲ್ಲ ಬಟ್ಟೆಯಲ್ಲಿ ಉಳಿದು, ಕೆಳಗೆ ಹಸಿರು ತುಪ್ಪ. ಅದು ಆರಿ ಗಟ್ಟಿಯಾದ ಮೇಲೆ ಕೈಯಿಂದಲೇ ನೀರಿನಲ್ಲಿ ತೊಳೆಯುತ್ತಿದ್ದ, ನೀರಿಗೆ ಬಣ್ಣ ಬಿಡುವುದು ನಿಲ್ಲುವ ತನಕ. ಕೊನೆಗೆ ಉಳಿಯುವುದು ಮಸುಕು ಹಸಿರಿನ ಮುಲಾಮಿನಂಥ ಮುದ್ದೆ. ತೊಳೆದ ನೀರನ್ನು ಚೆಲ್ಲುತ್ತಿದ್ದ. ಕುಡಿದರೆ ಗಂಟಲು ಬಿಗಿಯುತ್ತದೆ, ಮೈಗೆ ಒಗ್ಗುವುದಿಲ್ಲ ಎಂದು ಅವನ ವಿವರಣೆ.

ಇಲ್ಲಿ ಅಮೀರನಿಗೆ ಗೊತ್ತಿದ್ದ ರಸಾಯನವೆಷ್ಟು ಎಂದು ಒಮ್ಮೆ ನೋಡಿ. ಪಾತ್ರೆಯಲ್ಲಿ ನೀರಿರುವ ತನಕ ಕಾವು 100 ಡಿಗ್ರಿಯ ಆಸುಪಾಸು ದಾಟುವುದಿಲ್ಲ, ಹಾಗಾಗಿ ಸೊಪ್ಪು ಸೀಯುವುದಿಲ್ಲ. ಗಿಡದ ಹಸಿ ಅಂಟಿನಲ್ಲಿ ಅಮಲಿನ ವಸ್ತು ಬಹುಪಾಲು ಆಮ್ಲದ ರೂಪದಲ್ಲಿರುತ್ತದೆ, ಆ ರೂಪಕ್ಕೆ ಅಮಲು ತರುವ ಶಕ್ತಿ ಇಲ್ಲವೆನ್ನುವಷ್ಟು ಕಡಿಮೆ. ಕಾವು ತಗುಲಿದಾಗ ಅದು ಒಂದು ಅಣು ಇಂಗಾಲದ ಡೈಆಕ್ಸೈಡನ್ನು ಕಳೆದುಕೊಂಡು ಟಿಎಚ್‌ಸಿ ಆಗುತ್ತದೆ. ಟಿಎಚ್‌ಸಿಯ ಅಣುವಿನಲ್ಲಿ 21 ಇಂಗಾಲ, 30 ಜಲಜನಕ, ಬರೀ 2 ಆಮ್ಲಜನಕ. ಇಷ್ಟು ಕಡಿಮೆ ಆಮ್ಲಜನಕವಿರುವ ಅಣುವಿಗೆ ನೀರಿನ ಜತೆ ಹೊಂದಿಕೆಯಿಲ್ಲ. ಒಂದು ಲೀಟರು ನೀರಿನಲ್ಲಿ ಕೆಲವೇ ಮಿಲಿಗ್ರಾಂ ಕರಗಿದರೆ ಹೆಚ್ಚು. ಕೊಬ್ಬಿನಲ್ಲಾದರೆ ಸರಾಗ. ಆದ್ದರಿಂದಲೇ ಅಮೀರ್ ತುಪ್ಪವನ್ನು ಎಷ್ಟು ತೊಳೆದರೂ ಅಮಲಿನ ಬಹುಪಾಲು ಅದರಲ್ಲೇ ಉಳಿಯುತ್ತಿತ್ತು, ಬಣ್ಣ ಹೋಗುತ್ತಿತ್ತು. ಭಂಗಿ ಬೆರೆಸುವ ಠಂಡಾಯಿಗೆ ಹಾಲು, ಬಾದಾಮಿ, ಗಸಗಸೆ ಸೇರುವುದರ ಹಿಂದೆಯೂ ಇದೇ ಲೆಕ್ಕವಿದೆ, ರುಚಿ ಒಂದೇ ಅಲ್ಲ. ವಿಜಯದಶಮಿಗೆ ಬಂಗಾಳಿ ಮನೆಗಳಲ್ಲಿ ಕಲಸುವ ಭಂಗಿಯ ಪಾನಕ ಸಿದ್ಧಿಯೂ ಹಾಲಿನದೇ.

ಅಮೀರನಿಗೆ ತಿಳಿಯದಿದ್ದದ್ದು ಆ ಅಣುವಿನ ಹೆಸರು. ಅದು ಓ'ಶಾಗ್ನೆಸಿಗೂ ತಿಳಿದಿರಲಿಲ್ಲ, ಇನ್ನೂ ಒಂದೂಕಾಲು ಶತಮಾನ ಯಾರಿಗೂ ತಿಳಿಯಲಿಲ್ಲ. 1964ರಲ್ಲಿ ಇಸ್ರೇಲಿನ ರಾಫೆಲ್ ಮೆಷೌಲಮ್ ಮತ್ತು ಯೆಹಿಯೆಲ್ ಗಾವೊನಿ ಅದನ್ನು ಶುದ್ಧರೂಪದಲ್ಲಿ ಬೇರ್ಪಡಿಸಿ ರಚನೆ ತೋರಿಸಿದರು. ಸಂಶೋಧನೆಗೆ ಬೇಕಾದ 5 ಕಿಲೋ ಹಶೀಶನ್ನು ಪೊಲೀಸರಿಂದಲೇ ಪಡೆದು ಬಸ್ಸಿನಲ್ಲಿ ತಂದ ಕಥೆಯನ್ನು ಮೆಷೌಲಮ್ ಆಗಾಗ ಹೇಳುತ್ತಿದ್ದರು.

ಇನ್ನು ಕೊಬ್ಬರಿ ಎಣ್ಣೆಯ ವಿಚಾರ. ಸ್ಯಾಚುರೇಟೆಡ್ ಕೊಬ್ಬು ಹೆಚ್ಚಿದ್ದಷ್ಟೂ ಅಮಲು ಚೆನ್ನಾಗಿ ಇಳಿಯುತ್ತದೆ, ಆದ್ದರಿಂದ ಗಿಡದ ಎಣ್ಣೆಗಳಲ್ಲಿ ಕೊಬ್ಬರಿಯೇ ಮೇಲು ಎನ್ನುವವರಿದ್ದಾರೆ. ಕೊಬ್ಬರಿ ಎಣ್ಣೆಯ ಕೊಬ್ಬಿನಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಸ್ಯಾಚುರೇಟೆಡ್ ಎನ್ನುವುದು ನಿಜ. ಆದರೆ ಕರಗುವ ಮಟ್ಟಿಗೆ ನಮ್ಮ ಅಡುಗೆ ಎಣ್ಣೆಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಟಿಎಚ್‌ಸಿಗೆ ಬೇಕಾದದ್ದು ಕೊಬ್ಬು, ಅದು ಎಮ್ಮೆಯದೋ ತೆಂಗಿನದೋ ಎಂದು ಅದು ಕೇಳುವುದಿಲ್ಲ. ಕೊಬ್ಬರಿ ಎಣ್ಣೆ ಬೇಗ ಕಮಟುವುದಿಲ್ಲ, ತಂಪಿಗೆ ಗಟ್ಟಿಯಾಗುತ್ತದೆ. ಮಿಠಾಯಿ ಮಾಡುವವರಿಗೆ ಇವು ಅನುಕೂಲದ ಗುಣಗಳು, ಅಷ್ಟೆ.

ನಿಜವಾದ ವ್ಯತ್ಯಾಸ ಕಾಣುವುದು ಕರುಳಿನಲ್ಲಿ. ಎಳ್ಳೆಣ್ಣೆಯ ಕೊಬ್ಬಿನಾಮ್ಲಗಳು ಬಹುತೇಕ 18 ಇಂಗಾಲದ ಉದ್ದನೆಯ ಸರಪಣಿಗಳು. ಕರುಳು ಇವನ್ನು ಸಣ್ಣ ಹನಿಗಳಾಗಿ ಕಟ್ಟಿ ದುಗ್ಧರಸದ ನಾಳಗಳಿಗೆ ಬಿಡುತ್ತದೆ. ಆ ದಾರಿ ಯಕೃತ್ತಿಗೆ ಹೋಗದೆ ನೇರ ರಕ್ತಕ್ಕೆ ಸೇರುತ್ತದೆ. ಹನಿಯೊಳಗೆ ಟಿಎಚ್‌ಸಿ ಕೂತಿದ್ದರೆ ಅದೂ ಯಕೃತ್ತಿನ ತಪಾಸಣೆ ತಪ್ಪಿಸಿಕೊಂಡು ಒಳಸೇರುತ್ತದೆ. 2016ರಲ್ಲಿ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು ಇಲಿಗಳಿಗೆ ಎಳ್ಳೆಣ್ಣೆಯ ಜತೆ ಟಿಎಚ್‌ಸಿ ಕೊಟ್ಟಾಗ, ಕೊಬ್ಬಿಲ್ಲದೆ ಕೊಟ್ಟದ್ದಕ್ಕಿಂತ ಸುಮಾರು ಎರಡೂವರೆ ಪಟ್ಟು ರಕ್ತಕ್ಕೆ ಸೇರಿತ್ತು. ಕೊಬ್ಬರಿ ಎಣ್ಣೆಯಲ್ಲಿ ಅರ್ಧದಷ್ಟು 12 ಇಂಗಾಲದ ಲಾರಿಕ್ ಆಮ್ಲ. ಅದಕ್ಕಿಂತಲೂ ಗಿಡ್ಡ ಸರಪಣಿಗಳು ನೇರ ಯಕೃತ್ತಿಗೇ ಹೋಗುತ್ತವೆ, ಲಾರಿಕ್ ಮಾತ್ರ ಸ್ವಲ್ಪ ಅತ್ತ, ಸ್ವಲ್ಪ ಇತ್ತ. ಅಂದರೆ ಒಂದೇ ಸೊಪ್ಪು, ಒಂದೇ ತೂಕ, ಆದರೂ ಎಣ್ಣೆ ಬದಲಾದರೆ ದೇಹಕ್ಕೆ ಮುಟ್ಟುವ ಪ್ರಮಾಣ ಬದಲಾಗಬಹುದು. ಜತೆಗೆ ಏನು ಊಟ ಮಾಡಿದಿರಿ ಎಂಬುದರ ಮೇಲೂ ಬದಲಾಗುತ್ತದೆ.

ಔಷಧ ಕಂಪನಿಗಳು ಈ ಗೋಜಲನ್ನು ಒಂದೇ ಎಣ್ಣೆಗೆ ಕಟ್ಟುಬಿದ್ದು ಬಿಡಿಸಿಕೊಂಡವು, ಆ ಎಣ್ಣೆ ನಮ್ಮ ಎಳ್ಳೆಣ್ಣೆ. ಕ್ಯಾನ್ಸರ್ ಚಿಕಿತ್ಸೆಯ ವಾಂತಿಗೆಂದು 1985ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಡ್ರೊನಾಬಿನಾಲ್ ಎಂದರೆ ಎಳ್ಳೆಣ್ಣೆಯಲ್ಲಿ ಕರಗಿಸಿದ ಟಿಎಚ್‌ಸಿಯ ಗುಳಿಗೆ. ಮಕ್ಕಳ ಕಠಿಣ ಅಪಸ್ಮಾರಕ್ಕೆ 2018ರಲ್ಲಿ ಅಲ್ಲಿ ಒಪ್ಪಿಗೆ ಸಿಕ್ಕ ಎಪಿಡಿಯೊಲೆಕ್ಸ್ ಕೂಡ ಎಳ್ಳೆಣ್ಣೆಯದೇ. ಅದರಲ್ಲಿರುವುದು ಇದೇ ಗಿಡದ, ಅಮಲು ತರದ ಸಿಬಿಡಿ. ಸೆಳವು ಬರುತ್ತಿದ್ದ ಹಸುಗೂಸಿಗೆ ಓ'ಶಾಗ್ನೆಸಿ ಕಲ್ಕತ್ತದಲ್ಲಿ ಗಾಂಜಾ ದ್ರಾವಣದ ಹನಿಗಳನ್ನು ಕೊಟ್ಟು ನೋಡಿದ್ದ. ಆ ಊಹೆ ಅಳತೆಯ ಔಷಧವಾಗಿ ಬರಲು ಇಷ್ಟು ಕಾಲ ಹಿಡಿಯಿತು.

ಅಳತೆ ಎಂದೆನಲ್ಲ, ಮನೆಯ ಎಣ್ಣೆ ಎಡವುವುದು ಅಲ್ಲೇ. 1838ರ ನವೆಂಬರಿನಲ್ಲಿ ಓ'ಶಾಗ್ನೆಸಿ ಮೂವರು ವಾತರೋಗಿಗಳಿಗೆ ಮಧ್ಯಾಹ್ನ 2 ಗಂಟೆಗೆ ಒಂದೊಂದು ಗ್ರೇನ್, ಅಂದರೆ ಸುಮಾರು 65 ಮಿಲಿಗ್ರಾಂ, ಗಾಂಜಾ ರಾಳ ಕೊಡಿಸಿದ. 4 ಗಂಟೆಗೆ ಒಬ್ಬ ಹಾಡತೊಡಗಿದ, ಇನ್ನಷ್ಟು ಊಟ ತನ್ನಿ ಎಂದು ಕೂಗಿದ, ನನಗೆ ಕಾಯಿಲೆಯೇ ಇಲ್ಲ ಎಂದ. 8 ಗಂಟೆಗೆ ಹೋಗಿ ನೋಡಿದರೆ ಅವನಿಗೆ ಪ್ರಜ್ಞೆಯಿಲ್ಲ. ಕೈಯನ್ನು ಎತ್ತಿ ಹೇಗೆ ಬಿಟ್ಟರೆ ಹಾಗೇ ನಿಲ್ಲುತ್ತಿತ್ತು. ಮೂರನೆಯವನಿಗೆ ಏನೂ ಆಗಲಿಲ್ಲ, ವಿಚಾರಿಸಿದರೆ ಅವನು ದಿನಾ ಸೇದುವವನು. ಒಂದೇ ತೂಕ, ಒಂದೇ ವಾರ್ಡು, ಒಂದೇ ಮಧ್ಯಾಹ್ನ.

ಆ ಎರಡು ಗಂಟೆಯ ಮೌನವೇ ತಿನ್ನುವ ಗಾಂಜಾದ ಮೋಸ. ಸೇದಿದರೆ ನಿಮಿಷಗಳಲ್ಲಿ ಗೊತ್ತಾಗುತ್ತದೆ. ತಿಂದರೆ ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು, ಕೆಲವೊಮ್ಮೆ ಇನ್ನೂ ಹೆಚ್ಚು. ಏನೂ ಆಗಲಿಲ್ಲವಲ್ಲ ಎಂದು ಇನ್ನೊಂದು ತುಂಡು ಬಾಯಿಗೆ ಹಾಕಿಕೊಂಡವರು ಎರಡೂ ಸೇರಿ ಏರಿದಾಗ ಆಸ್ಪತ್ರೆ ಸೇರುತ್ತಾರೆ. ಮೇಲಾಗಿ ಯಕೃತ್ತಿನ ದಾರಿ ಹಿಡಿದ ಟಿಎಚ್‌ಸಿ ಅಲ್ಲಿ 11-ಹೈಡ್ರಾಕ್ಸಿ-ಟಿಎಚ್‌ಸಿ ಎಂಬ ಇನ್ನೊಂದು ಅಣುವಾಗುತ್ತದೆ. ಅದೂ ಮೆದುಳಿಗೆ ಇಳಿಯುವ ಅಮಲೇ. ಪರಿಣಾಮ ಆರೆಂಟು ಗಂಟೆ ಎಳೆಯುವುದು ಹೀಗೆ. ಈ ಕೆಲಸ ಮಾಡುವ ಸಿವೈಪಿ2ಸಿ9 ಎಂಬ ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ನಿಧಾನ, ಅವರ ರಕ್ತದಲ್ಲಿ ಟಿಎಚ್‌ಸಿ ಬಹಳ ಹೊತ್ತು ನಿಲ್ಲುತ್ತದೆ. ರಕ್ತ ಹೆಪ್ಪುಗಟ್ಟದಿರಲೆಂದು ಹೃದ್ರೋಗಿಗಳು ನುಂಗುವ ವಾರ್ಫರಿನ್ ಕೂಡ ಇದೇ ಕಿಣ್ವದ ಕೈಯಲ್ಲಿ ಕರಗುವಂಥದ್ದು. ಹಾಗಾಗಿ ಎರಡೂ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚಬಹುದು.

ಗಾಂಜಾ ಕಾನೂನುಬದ್ಧವಾಗಿರುವ ಕೆನಡಾದಲ್ಲಿ ಒಂದು ಪೊಟ್ಟಣ ತಿಂಡಿಯಲ್ಲಿ 10 ಮಿಲಿಗ್ರಾಂ ಟಿಎಚ್‌ಸಿ ಮೀರುವಂತಿಲ್ಲ. ಮಿಲಿಗ್ರಾಂ ತೂಗುವ ತಕ್ಕಡಿ ಮನೆಯಲ್ಲಿದ್ದರೂ ಉಪಯೋಗವಿಲ್ಲ, ಏಕೆಂದರೆ ಸೊಪ್ಪಿನಲ್ಲಿ ಎಷ್ಟಿತ್ತು, ಎಣ್ಣೆಗೆ ಎಷ್ಟು ಇಳಿಯಿತು ಎಂದು ಹೇಳಬಲ್ಲದ್ದು ಪ್ರಯೋಗಾಲಯ ಮಾತ್ರ. ತಟ್ಟೆಯ ಒಂದೊಂದು ಬರ್ಫಿಯೂ ಒಂದೊಂದು ಥರ ಇರುತ್ತದೆ, ಉಪ್ಪು ಸರಿಯಾಗಿ ಕಲಸದ ಹಿಟ್ಟಿನ ಚಕ್ಕುಲಿಯ ಹಾಗೆ. ಇನ್ನೊಂದು ಮಾತು ಎಲ್ಲ ಸೊಪ್ಪು ನೆನೆಸಿದ ಎಣ್ಣೆಗಳಿಗೂ ಸಲ್ಲುತ್ತದೆ. ತೇವ ಉಳಿದ ಬೆಳ್ಳುಳ್ಳಿಯನ್ನೋ ಸೊಪ್ಪನ್ನೋ ಗಾಳಿಯಾಡದ ಎಣ್ಣೆಯಲ್ಲಿ ಮುಳುಗಿಸಿ ಹೊರಗಿಟ್ಟರೆ ಬಾಟ್ಯುಲಿಸಂ ತರುವ ಬ್ಯಾಕ್ಟೀರಿಯಾಕ್ಕೆ ಅದು ಹೇಳಿ ಮಾಡಿಸಿದ ಜಾಗ. ಮಗುವೇನಾದರೂ ಅಮಲಿನ ತಿಂಡಿ ತಿಂದು ಮಂಪರಿಗೆ ಜಾರಿದರೆ ಮಜ್ಜಿಗೆ, ನಿಂಬೆಹಣ್ಣು ಎಂದು ಹೊತ್ತು ಕಳೆಯಬಾರದು. ತಕ್ಷಣ ಆಸ್ಪತ್ರೆಗೆ ಒಯ್ದು, ತಿಂದದ್ದು ಇಂಥದ್ದೇ ಎಂದು ಮುಚ್ಚಿಡದೆ ಹೇಳಬೇಕು.

ಕಾನೂನಿನ ಮಾತಿಗೆ ಬಂದರೆ, ಡ್ರೊನಾಬಿನಾಲ್ ಒಪ್ಪಿಗೆ ಪಡೆದ ಅದೇ 1985ರಲ್ಲಿ ನಮ್ಮಲ್ಲಿ ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆ ಬಂತು. ಹೂತೆನೆ ಅಂದರೆ ಗಾಂಜಾ, ರಾಳ ಅಂದರೆ ಚರಸ್, ಇವುಗಳಿಂದ ಮಾಡಿದ ಯಾವುದೇ ಮಿಶ್ರಣ, ಎಲ್ಲವೂ ನಿಷಿದ್ಧ. ತೆನೆ ಸೇರದ ಬರೀ ಎಲೆ ಮತ್ತು ಬೀಜ ಈ ವ್ಯಾಖ್ಯೆಯ ಹೊರಗೆ. ಎಲೆಯನ್ನು ರಾಜ್ಯಗಳ ಅಬಕಾರಿ ಕಾನೂನು ನೋಡಿಕೊಳ್ಳುತ್ತದೆ. 2022ರಲ್ಲಿ ಭಂಗಿ ಇಟ್ಟುಕೊಂಡಿದ್ದವನೊಬ್ಬನಿಗೆ ಜಾಮೀನು ಕೊಡುವಾಗ ಕರ್ನಾಟಕ ಹೈಕೋರ್ಟ್ ಈ ವ್ಯತ್ಯಾಸವನ್ನೇ ಎತ್ತಿ ಹೇಳಿತು. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಗಾಂಜಾ ಪ್ರಸಾದವಾಗಿ ಹಂಚಿಕೆಯಾಗುವ ನಾಡು ನಮ್ಮದು, ಆದರೆ ಕಾಯ್ದೆಯಲ್ಲಿ ಪ್ರಸಾದಕ್ಕೆ ಬೇರೆ ಕಲಮಿಲ್ಲ. ಎಣ್ಣೆ ಮಾಡುವವರು ತಿಳಿದಿರಲೇಬೇಕಾದದ್ದು 2020ರ ಏಪ್ರಿಲಿನ ಸುಪ್ರೀಂ ಕೋರ್ಟ್ ತೀರ್ಪು. ಮಾದಕ ವಸ್ತುವಿನ ತೂಕ ಲೆಕ್ಕ ಹಾಕುವಾಗ ಅದರಲ್ಲಿ ಬೆರೆತ ನಿರುಪದ್ರವಿ ವಸ್ತುವಿನ ತೂಕವನ್ನೂ ಸೇರಿಸಬೇಕು ಎಂದು ಅದು ಹೇಳಿದೆ. ಚಿಟಿಕೆ ಚರಸ್ಸನ್ನು ಅರ್ಧ ಲೀಟರು ಕೊಬ್ಬರಿ ಎಣ್ಣೆಯಲ್ಲಿ ಕರಗಿಸಿದವನ ಮೇಲೆ ಬೀಳುವುದು ಚಿಟಿಕೆಯ ಲೆಕ್ಕವಲ್ಲ, ಅರ್ಧ ಲೀಟರಿನ ಲೆಕ್ಕ.

ಇಷ್ಟೆಲ್ಲದರ ನಡುವೆ ಈ ಗಿಡದಿಂದ ಬರುವ, ಅಡುಗೆಮನೆಯಲ್ಲಿ ಧೈರ್ಯವಾಗಿ ಇಡಬಹುದಾದ ಕೊಬ್ಬು ಒಂದಿದೆ, ಬೀಜದ ಎಣ್ಣೆ. ಕುಮಾವೂಂ ಗುಡ್ಡಗಳಲ್ಲಿ ಈ ಬೀಜ ಹುರಿದು ಚಟ್ನಿ ಅರೆಯುವುದು ಹಳೆಯ ವಾಡಿಕೆ. ಬೀಜದೊಳಗೆ ಅಮಲಿಲ್ಲ, ಸಿಪ್ಪೆಗೆ ಅಂಟಿದ ರಾಳದಿಂದ ಲವಲೇಶ ಬರಬಹುದು. 2021ರಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಇದನ್ನು ಆಹಾರವೆಂದು ಒಪ್ಪಿ, ಎಣ್ಣೆಯಲ್ಲಿ ಕಿಲೋಗೆ 10 ಮಿಲಿಗ್ರಾಂ ಟಿಎಚ್‌ಸಿ ಮೀರಬಾರದು ಎಂಬ ಮಿತಿ ಹಾಕಿತು. ಅರ್ಧಕ್ಕಿಂತ ಹೆಚ್ಚು ಲಿನೊಲೆಯಿಕ್ ಆಮ್ಲ, ಜತೆಗೆ ಒಮೆಗಾ-3 ಕೂಡ ಇರುವ ಈ ಎಣ್ಣೆ ಕಾವಿಗೆ ಬೇಗ ಕೆಡುತ್ತದೆ. ಒಗ್ಗರಣೆಗೆ, ಕರಿಯುವುದಕ್ಕೆ ಬೇಡ. ಚಿಕ್ಕ ಬಾಟಲಿ ಕೊಂಡು ಫ್ರಿಜ್ಜಿನಲ್ಲಿಟ್ಟು, ಕೋಸಂಬರಿಗೋ ಚಟ್ನಿಪುಡಿಗೋ ಮೇಲಿಂದ ಒಂದು ಚಮಚ ಹಾಕಿಕೊಳ್ಳಬಹುದು.