ರುಬ್ಬುವುದಕ್ಕೆ ಯಂತ್ರ ಬಂತು, ತೊಳೆಯುವುದಕ್ಕೆ?

ಮನೆಯಲ್ಲೇ ದೋಸೆ ಹಿಟ್ಟು ರುಬ್ಬಿ ಮಾರುವ, ಮೊಸರು ಹೆಪ್ಪು ಹಾಕಿ ಅಂಗಡಿಗೆ ಕೊಡುವ ಗೃಹಿಣಿಯರು ಈಗ ಯಾವ ಊರಲ್ಲಿಲ್ಲ ಹೇಳಿ! ಒಂದು ದೊಡ್ಡ ಗ್ರೈಂಡರು, ಒಂದು ಫ್ರಿಜ್ಜು, ನಾಲ್ಕು ಸ್ಟೀಲ್ ಡ್ರಮ್ಮು ಇದ್ದರೆ ವ್ಯಾಪಾರ ಶುರು. ಆದರೆ ಅವರನ್ನು ಕೇಳಿ ನೋಡಿ. "ರುಬ್ಬೋದೇನು ಮಹಾ, ಸ್ವಿಚ್ ಹಾಕಿದರೆ ಅದರ ಪಾಡಿಗೆ ಅದು ರುಬ್ಬುತ್ತೆ. ತೊಳೆಯೋದಿದೆಯಲ್ಲ, ಅದರಲ್ಲೇ ಸೊಂಟ ಬಿದ್ದುಹೋಗುತ್ತೆ" ಎನ್ನುತ್ತಾರೆ. ಬೇಸರದಲ್ಲಿ ಒಂದು ದಿನ ಅರೆಬರೆ ತೊಳೆದರೋ, ಮರುದಿನದ ಹಿಟ್ಟು ಹೊತ್ತಿಗೆ ಮುಂಚೆ ಹುಳಿ. ಗಿರಾಕಿ ಜಗಳವಾಡುವುದಿಲ್ಲ, ಸುಮ್ಮನೆ ಬೇರೆ ಮನೆಗೆ ಹೋಗುತ್ತಾಳೆ.

ದೊಡ್ಡ ಡೈರಿಗಳಲ್ಲಿ ಏನು ಮಾಡುತ್ತಾರೆ ಗೊತ್ತೇ? ಕೊಳವೆ, ಟ್ಯಾಂಕು ಯಾವುದನ್ನೂ ದಿನದಿನವೂ ಬಿಚ್ಚುವುದಿಲ್ಲ. ಇದ್ದ ಜಾಗದಲ್ಲೇ ಪಂಪಿನಿಂದ ನೀರು, ಸೋಡಾ ದ್ರಾವಣ, ಮತ್ತೆ ನೀರು, ಆಮ್ಲ, ಮತ್ತೆ ನೀರು ಹೀಗೆ ಸರದಿಯಂತೆ ಹರಿಸುತ್ತಾರೆ. ಇದಕ್ಕೆ ಸಿಐಪಿ ಎಂದು ಹೆಸರು. ಪೂರ್ತಿ ತಾನಾಗಿ ನಡೆಯುವ ಆ ಯಂತ್ರ ನಮ್ಮ ನಿಮ್ಮ ಕೈಗೆಟುಕುವಂಥದ್ದಲ್ಲ. ಆದರೆ ಅದರ ಹಿಂದಿನ ಉಪಾಯ ಎಟುಕುತ್ತದೆ. ಕೊಳೆ ಹೋಗಬೇಕಾದರೆ ನಾಲ್ಕು ಬೇಕು: ಸಮಯ, ಬಿಸಿ, ಸೋಡಾದಂಥ ಔಷಧ ಮತ್ತು ಉಜ್ಜುವ ಬಲ. ಒಂದು ಕಡಿಮೆಯಾದರೆ ಇನ್ನೊಂದನ್ನು ಹೆಚ್ಚಿಸಬೇಕು. ಕೈ ಉಜ್ಜುವ ಕೆಲಸವನ್ನು ನೀರಿನ ರಭಸಕ್ಕೆ ಒಪ್ಪಿಸುವುದೇ ಇಲ್ಲಿನ ಗುಟ್ಟು.

ಬೇಕಾದದ್ದು ಇಷ್ಟು: ಇಪ್ಪತ್ತು ಲೀಟರಿನ ಸ್ಟೀಲ್ ಪಾತ್ರೆ, ನೀರು ತಾಗುವ ಭಾಗವೆಲ್ಲ ಸ್ಟೀಲಾಗಿರುವ ಸಣ್ಣ ಪಂಪು, ಬಿಸಿ ತಡೆಯುವ ರಬ್ಬರ್ ಕೊಳವೆ, ಡ್ರಮ್ಮಿನ ಮುಚ್ಚಳಕ್ಕೆ ಸಿಕ್ಕಿಸುವ ತೂತುತೂತಿನ ಸ್ಟೀಲ್ ಉಂಡೆ. ಈ ಉಂಡೆ ಸುತ್ತಲೂ ನೀರು ಚಿಮ್ಮುತ್ತದೆ. ಡ್ರಮ್ಮಿನ ಗೋಡೆ ತೊಳೆದ ನೀರು ಕೆಳಗಿನ ನಲ್ಲಿಯಿಂದ ಮತ್ತೆ ಪಾತ್ರೆಗೇ ಬಂದು ಬೀಳುತ್ತದೆ. ಇದರ ಜೊತೆಗೊಂದು ಟೈಮರ್ ಸ್ವಿಚ್ಚು. ಹದಿನೈದು ನಿಮಿಷಕ್ಕೆ ತಿರುಗಿಸಿಟ್ಟು ನೀವು ಒಗ್ಗರಣೆ ಹಾಕಿಕೊಂಡು ಬನ್ನಿ, ಅದೇ ನಿಂತಿರುತ್ತದೆ. ಆದರೆ ಒಂದು ಮಾತು ನೆನಪಿರಲಿ: ಟೈಮರು ಯಂತ್ರವನ್ನು ನಿಲ್ಲಿಸುವಂಥದ್ದಾಗಿರಬೇಕೇ ಹೊರತು ತಾನಾಗಿ ಶುರು ಮಾಡುವಂಥದ್ದು ಖಂಡಿತ ಬೇಡ. ಒಳಗೆ ಕೈ ಇದ್ದಾಗ, ಸೆರಗು ಇಳಿಬಿದ್ದಿದ್ದಾಗ ಗ್ರೈಂಡರು ತಿರುಗಿದರೆ ಗತಿಯೇನು? ಒದ್ದೆ ನೆಲದ ಮೇಲೆ ಪಂಪು ಇಡುವುದರಿಂದ ಅರ್ತಿಂಗ್ ಸರಿಯಿರಬೇಕು, ಕರೆಂಟು ಸೋರಿದರೆ ತಕ್ಷಣ ಕತ್ತರಿಸುವ ಬ್ರೇಕರನ್ನು ಎಲೆಕ್ಟ್ರಿಷಿಯನ್ ಕೈಲಿ ಹಾಕಿಸಲೇಬೇಕು. ಖರ್ಚು ಉಳಿಸಬೇಕಾದ ಜಾಗ ಇದಲ್ಲ.

ಇನ್ನು ತೊಳೆಯುವ ಕ್ರಮ. ಕೆಲಸ ಮುಗಿದ ಕೂಡಲೇ ಮೊದಲ ನೀರು ಹೋಗಬೇಕು. ಉದ್ದಿನ ಲೋಳೆ ಒಣಗಿದರೆ ಅಂಟಿನ ಹಾಗೆ ಕಚ್ಚಿಕೊಳ್ಳುತ್ತದೆ. ಹಿಟ್ಟಿನ ಪಾತ್ರೆಗೆ ಮೊದಲು ತಣ್ಣೀರೇ ಸರಿ. ಕುದಿನೀರು ಸುರಿದಿರೋ, ಅಕ್ಕಿ ಹಿಟ್ಟು ಅಲ್ಲೇ ಗಂಜಿಯಾಗಿ ಬಳಿದುಕೊಳ್ಳುತ್ತದೆ. ಹಾಲಿನ ಪಾತ್ರೆಗೆ ಉಗುರುಬೆಚ್ಚಗಿನ ನೀರು. ಆಮೇಲೆ ಸುಮಾರು 70 ಡಿಗ್ರಿ ಬಿಸಿಯ, ನೂರಕ್ಕೆ ಒಂದು ಪಾಲು ಕಾಸ್ಟಿಕ್ ಸೋಡಾದ ನೀರನ್ನು ಹತ್ತು ಹದಿನೈದು ನಿಮಿಷ ಸುತ್ತಿಸಬೇಕು. ಅಂದರೆ ಇಪ್ಪತ್ತು ಲೀಟರಿಗೆ 200 ಗ್ರಾಂ. ಬಟ್ಟೆ ಸೋಪಿನ ಪುಡಿ ಹಾಕಬೇಡಿ, ನೊರೆ ಎದ್ದು ಪಂಪು ನೀರೆಳೆಯುವುದನ್ನೇ ಬಿಡುತ್ತದೆ.

ಕಾಸ್ಟಿಕ್ ಸೋಡಾ ಎಂದರೆ ತಮಾಷೆಯಲ್ಲ. ಕೈಗವಸು, ಕಣ್ಣಿಗೆ ಕನ್ನಡಕ ಬೇಕೇ ಬೇಕು. ತಣ್ಣೀರಿಗೆ ಸೋಡಾವನ್ನು ಸ್ವಲ್ಪಸ್ವಲ್ಪವೇ ಹಾಕಿ ಕರಗಿಸಿ, ಆಮೇಲೆ ಕಾಯಿಸಿ. ಸೋಡಾದ ಮೇಲೆ ನೀರು ಸುರಿದರೆ ಕುದಿದು ಸಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆಯ ಹತ್ತಿರ ತರಲೇಬೇಡಿ, ಪಾತ್ರೆಯನ್ನೇ ತಿಂದುಹಾಕುತ್ತದೆ. ಮಕ್ಕಳ ಕೈಗೆ ಸಿಗದಂತೆ ಬೀಗದೊಳಗಿಡಿ. ಹಾಲಿನ ಪಾತ್ರೆಯಲ್ಲಿ ಬಿಳಿ ಗಾರೆಯಂತೆ ಕಟ್ಟುವ ಸುಣ್ಣದ ಪದರ ಮಾತ್ರ ಸೋಡಾಕ್ಕೆ ಬಗ್ಗುವುದಿಲ್ಲ, ಅದಕ್ಕೆ ಡೈರಿಗೆಂದೇ ಮಾರುವ ಆಮ್ಲದ ದ್ರಾವಣ ಬೇಕು. ಆ ಆಮ್ಲವನ್ನು ಬ್ಲೀಚಿಂಗ್ ಪೌಡರಿನ ನೀರಿನೊಡನೆ ಎಂದೂ ಬೆರೆಸಬಾರದು. ಏಳುವ ಕ್ಲೋರಿನ್ ವಿಷಗಾಳಿ.

ಕೊನೆಯ ನೀರಿನಲ್ಲಿ ಸೋಡಾ ಉಳಿದಿದೆಯೇ ಎಂದು ನೋಡುವುದಕ್ಕೆ ಉಪಕರಣ ಬೇಡ, ಅಡಿಗೆಮನೆಯ ಅರಿಶಿನ ಸಾಕು. ಆರತಿಗೆ ಅರಿಶಿನ ಸುಣ್ಣ ಬೆರೆಸಿದರೆ ಓಕುಳಿ ಕೆಂಪಾಗುತ್ತದಲ್ಲ, ಹಾಗೆಯೇ ಇಲ್ಲೂ. ಎರಡು ಲೋಟದಲ್ಲಿ ಚಿಟಿಕೆ ಅರಿಶಿನ ಹಾಕಿ, ಒಂದಕ್ಕೆ ನಲ್ಲಿ ನೀರು, ಇನ್ನೊಂದಕ್ಕೆ ತೊಳೆದ ನೀರು. ಎರಡನೆಯದು ಕೆಂಪಗಾದರೆ ಇನ್ನೊಂದು ಸಲ ನೀರು ಹಾಯಿಸಿ. ಜಿಡ್ಡು ಉಳಿದಿದೆಯೇ ಎಂಬುದನ್ನು ಸ್ಟೀಲಿನ ಗೋಡೆಯೇ ಹೇಳುತ್ತದೆ: ನೀರು ಒಂದೇ ಪದರವಾಗಿ ಇಳಿದರೆ ಶುದ್ಧ, ಮಣಿಮಣಿಯಾಗಿ ನಿಂತರೆ ಜಿಡ್ಡಿದೆ.

ಗ್ರೈಂಡರಿನ ಕಲ್ಲಿಗೆ ಮಾತ್ರ ಈ ಸೋಡಾ, ಪಂಪು ಎಲ್ಲ ಬೇಡ. ನೀರು ಹಾಕಿ ಎರಡು ನಿಮಿಷ ತಿರುಗಿಸಿ ಬಗ್ಗಿಸಿದರೆ ಮುಕ್ಕಾಲು ಪಾಲು ಕೆಲಸ ಆದಂತೆ. ಆದರೆ ಗುಂಡುಕಲ್ಲಿನ ನಡುವಿನ ತೂತು, ಕಂಬಿಯ ಬುಡ ಇವುಗಳೊಳಗೆ ಅಡಗಿ ಕೂತ ಹಿಟ್ಟನ್ನು ಕರೆಂಟು ತೆಗೆದು, ಕಲ್ಲು ಎತ್ತಿ, ಕೈಯಿಂದಲೇ ತೆಗೆಯಬೇಕು. ಡ್ರಮ್ಮಿನ ನಲ್ಲಿ, ರಬ್ಬರ್ ವಾಷರುಗಳನ್ನೂ ವಾರಕ್ಕೊಮ್ಮೆ ಬಿಚ್ಚಿ ನೋಡಿ. ಹುಳಿ ವಾಸನೆ ಹುಟ್ಟುವುದೇ ಅಲ್ಲಿ.

ಎಲ್ಲವನ್ನೂ ಒಟ್ಟಿಗೆ ಕೊಳ್ಳಬೇಕಾಗಿಲ್ಲ. ಈ ತಿಂಗಳು ತುದಿಯಲ್ಲಿ ಒತ್ತುವ ಗುಂಡಿಯಿರುವ ಪೈಪು, ಮುಂದಿನ ಸಲ ಪಂಪು ಮತ್ತು ಟೈಮರು, ವ್ಯಾಪಾರ ಕುದುರಿದ ಮೇಲೆ ಚಿಮ್ಮುವ ಉಂಡೆ. ನಾಲ್ಕೈದು ಜನ ಸೇರಿದ ಸ್ವಸಹಾಯ ಸಂಘವಾದರೆ ಇನ್ನೂ ಹಗುರ. ಮೈಸೂರಿನ ಸಿಎಫ್‌ಟಿಆರ್‌ಐ 1950ರಿಂದ ಇರುವ ಆಹಾರ ಸಂಶೋಧನಾ ಸಂಸ್ಥೆ. ಆಹಾರ ತಯಾರಿಕೆಯ ತರಬೇತಿಗಳು ಅಲ್ಲಿ ನಡೆಯುತ್ತವೆ, ವಿಚಾರಿಸಬಹುದು.

ಸಾಂಬಾರು ಪುಡಿ, ಖಾರದ ಪುಡಿ ಮಾಡುವವರೇ, ನಿಮಗೆ ಇದಾವುದೂ ಬೇಡ. ಪುಡಿ ಯಂತ್ರಕ್ಕೆ ನೀರೇ ಶತ್ರು. ತೇವ ಉಳಿದರೆ ಬೂಷ್ಟು ಗ್ಯಾರಂಟಿ. ಕರೆಂಟು ತೆಗೆದು ಒಣ ಬ್ರಷ್ಷಿನಿಂದ ಝಾಡಿಸಿ. ಆಮೇಲೆ ಒಂದು ಪಾವು ಒಣ ಅಕ್ಕಿ ಹಾಕಿ ಬೀಸಿದರೆ ಮೂಲೆಯ ಮಸಾಲೆಯೆಲ್ಲ ಬಳಿದುಕೊಂಡು ಬರುತ್ತದೆ. ಆ ಹಿಟ್ಟನ್ನು ಎಸೆಯಬೇಡಿ, ಸಂಜೆಯ ಅಕ್ಕಿರೊಟ್ಟಿಗೆ ಒದಗುತ್ತದೆ.