ಕಾದದ್ದು ಇಂಜಿನ್ನೋ, ಸೆನ್ಸರಿನ ಸುಳ್ಳೋ?

ಡೋಣಿಯಿಂದ ಕಪ್ಪತಗುಡ್ಡದ ಏರು ಹತ್ತುವಾಗ, ಇಲ್ಲವೇ ಈರುಳ್ಳಿ ಚೀಲ ಹೇರಿಕೊಂಡು ಗದಗಿಗೆ ಹೊರಟಾಗ ಕಾರು, ಪಿಕಪ್‌ಗಳ ಉಷ್ಣತೆಯ ಮುಳ್ಳು ಕೆಂಪು ಗೆರೆಗೆ ಏರುವುದುಂಟು. ‘ಸೆನ್ಸರ್ ಹೋಗೇತಿ, ಬದಲಿಸಿಬಿಡ್ರಿ’ ಎಂಬ ಸಲಹೆ ಕೂಡಲೇ ಬರುತ್ತದೆ. ಕೆಲವು ಸಲ ಅದು ನಿಜ. ಆದರೆ ಇಂಜಿನ್ನೇ ಕಾದಿದ್ದರೆ? ಹಾಗೇ ಓಡಿಸಿದರೆ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ, ಹೆಡ್ ಬಾಗುತ್ತದೆ. ಅದಕ್ಕೆ ಮುಳ್ಳು ಏರಿದರೆ ಮೊದಲು ನಂಬಿ ಗಾಡಿ ನಿಲ್ಲಿಸಬೇಕು, ಸಂಶಯವೆಲ್ಲ ಆಮೇಲೆ.

ಸೆನ್ಸರ್ ಎಂದರೆ ಇಂಜಿನ್ನಿನ ನೀರಿನಲ್ಲಿ ಮುಳುಗಿರುವ ಸಣ್ಣ ಹಿತ್ತಾಳೆ ಬೋಲ್ಟಿನಂಥ ವಸ್ತು. ಒಳಗಿನ ಥರ್ಮಿಸ್ಟರ್ ತಣ್ಣಗಿದ್ದಾಗ ಕರೆಂಟಿಗೆ ಹೆಚ್ಚು ಅಡ್ಡಿ ಮಾಡುತ್ತದೆ, ಕಾದಂತೆ ಅಡ್ಡಿ ಕಡಿಮೆಯಾಗುತ್ತದೆ. ಈ ಲೆಕ್ಕದ ಮೇಲೆ ಗಾಡಿಯ ಕಂಪ್ಯೂಟರು ಡೀಸೆಲ್ ಅಥವಾ ಪೆಟ್ರೋಲ್ ಎಷ್ಟು ಬಿಡಬೇಕು, ಫ್ಯಾನ್ ಯಾವಾಗ ತಿರುಗಬೇಕು ಎಂದು ತೀರ್ಮಾನಿಸುತ್ತದೆ. ಕೆಲವು ಗಾಡಿಗಳಲ್ಲಿ ಮುಳ್ಳಿಗೆ ಒಂದು, ಕಂಪ್ಯೂಟರಿಗೆ ಒಂದು ಎಂದು ಎರಡು ಸೆನ್ಸರ್ ಇರುತ್ತವೆ.

ಸೆನ್ಸರ್ ಕೆಟ್ಟ ಗುರುತುಗಳು ಇವು: ಬೆಳಿಗ್ಗೆ ಸ್ಟಾರ್ಟ್ ತ್ರಾಸು, ಪೆಟ್ರೋಲ್ ಗಾಡಿಯಲ್ಲಿ ಕರಿ ಹೊಗೆ, ಮೈಲೇಜ್ ಇಳಿತ, ತಣ್ಣಗಿದ್ದರೂ ಫ್ಯಾನ್ ತಿರುಗುವುದು. ಆದರೆ ಇವೇ ಗುರುತು ಬೇರೆ ದೋಷಕ್ಕೂ ಇರುತ್ತವೆ. ಆದ್ದರಿಂದ ಕ್ರಮವಾಗಿ ನೋಡಿರಿ.

1. ನೀರು: ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ರೇಡಿಯೇಟರ್ ನೋಡಿ. ಕಾದಾಗ ಮುಚ್ಚಳ ತೆಗೀಬ್ಯಾಡ್ರಿ, ಕುದಿಯುವ ನೀರು ಮೈಮೇಲೆ ಹಾರುತ್ತದೆ. ನೀರು ಇಳಿದಿದ್ದರೆ ಸೆನ್ಸರ್ ಗಾಳಿಯಲ್ಲಿ ತೂಗಿ, ಇಂಜಿನ್ ಸುಡುತ್ತಿದ್ದರೂ ಮುಳ್ಳು ಕೆಳಗೇ ಇರಬಹುದು. ಇದು ಎಲ್ಲಕ್ಕಿಂತ ಅಪಾಯದ ಸುಳ್ಳು.

2. ಮುಂಜಾನೆಯ ಪರೀಕ್ಷೆ: ರಾತ್ರಿಯಿಡೀ ನಿಂತ ಗಾಡಿಗೆ ಸ್ಕ್ಯಾನರ್ ಜೋಡಿಸಿ, ಇಂಜಿನ್ ಸ್ಟಾರ್ಟ್ ಮಾಡದೆ ಕೀಲಿ ತಿರುಗಿಸಿ. ಕೂಲಂಟ್ ಉಷ್ಣತೆ ಹೊರಗಿನ ಗಾಳಿಯಷ್ಟೇ ಇರಬೇಕು. ಹೊರಗೆ 24 ಡಿಗ್ರಿ ಇದ್ದಾಗ ಸ್ಕ್ಯಾನರ್ 70 ತೋರಿಸಿದರೆ ಸೆನ್ಸರ್ ಅಥವಾ ವಾಯರ್ ಸುಳ್ಳು ಹೇಳುತ್ತಿದೆ.

3. ವಾಯರ್: ಸೆನ್ಸರಿನ ಪ್ಲಗ್ ಬಿಚ್ಚಿ ಹಸಿರು ಕಿಲುಬು, ಇಲಿ ಕಡಿದ ಗುರುತು ನೋಡಿ. ಎರಡು ಪಿನ್ನಿನ ಸೆನ್ಸರಾದರೆ ಪ್ಲಗ್ ಬಿಚ್ಚಿದಾಗ ಸ್ಕ್ಯಾನರ್ ಸಾಮಾನ್ಯವಾಗಿ ಮೈನಸ್ 40ರ ಹತ್ತಿರ ತೋರಿಸಬೇಕು. ಅದೇ ಪ್ಲಗ್ಗಿನ ಎರಡು ಪಿನ್ನುಗಳನ್ನು ತುಂಡು ತಂತಿಯಿಂದ ಒಂದು ಕ್ಷಣ ಕೂಡಿಸಿದರೆ 120ಕ್ಕಿಂತ ಮೇಲೆ ಹೋಗಬೇಕು. ಎರಡೂ ಸರಿಯಾದರೆ ವಾಯರ್ ಚೆನ್ನಾಗಿದೆ, ದೋಷ ಸೆನ್ಸರಿನಲ್ಲೇ. ಬ್ಯಾಟರಿಯ ತಂತಿ ಮಾತ್ರ ಅಲ್ಲಿ ಮುಟ್ಟಿಸಬ್ಯಾಡ್ರಿ, ಕಂಪ್ಯೂಟರ್ ಸುಟ್ಟೀತು.

4. ಬಿಸಿನೀರಿನ ಪರೀಕ್ಷೆ: ಸೆನ್ಸರ್ ಬಿಚ್ಚಿ ಮಲ್ಟಿಮೀಟರಿಗೆ ಜೋಡಿಸಿ, ತುದಿಯನ್ನು ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಕಾಯಿಸಿ. ಕಂಪ್ಯೂಟರಿಗೆ ಸಂಬಂಧಿಸಿದ ಸೆನ್ಸರುಗಳಲ್ಲಿ 20 ಡಿಗ್ರಿಗೆ 2ರಿಂದ 3 ಸಾವಿರ ಓಮ್, 80ಕ್ಕೆ ಸುಮಾರು 300, ಕುದಿಯುವಾಗ 200ರ ಆಸುಪಾಸು ಸಾಮಾನ್ಯ. ಮಾಡೆಲ್ಲಿನಂತೆ ಅಂಕಿ ಬದಲಾಗುತ್ತದೆ. ಮುಖ್ಯವಾಗಿ ಇಳಿಕೆ ಒಂದೇ ಸಮ ಇರಬೇಕು. ನಡುವೆ ಜಿಗಿದರೆ ಸೆನ್ಸರ್ ಕೆಟ್ಟಂತೆ.

ಸ್ಕ್ಯಾನರಿನ ಸಂಕೇತಗಳೂ ದಾರಿ ತೋರಿಸುತ್ತವೆ. ಪಿ0117 ಎಂದರೆ ಸಿಗ್ನಲ್ ತೀರ ಕೆಳಗೆ, ಶಾರ್ಟ್ ಇರಬಹುದು. ಪಿ0118 ಎಂದರೆ ತೀರ ಮೇಲೆ, ವಾಯರ್ ತುಂಡಾಗಿರಬಹುದು. ಪಿ0128 ಬಂದರೆ ಇಂಜಿನ್ ಬೇಗ ಕಾಯುತ್ತಿಲ್ಲವೆಂದು ಅರ್ಥ. ಅಲ್ಲಿ ಥರ್ಮೋಸ್ಟಾಟ್ ತೆರೆದೇ ಕುಳಿತಿದೆಯೇ ನೋಡಬೇಕು, ಸೆನ್ಸರ್ ಬದಲಿಸಿ ಪ್ರಯೋಜನವಿಲ್ಲ.

ಪರೀಕ್ಷೆಗಳೆಲ್ಲ ಸರಿಯಿದ್ದೂ ಮುಳ್ಳು ಏರಿದರೆ ಕಾದದ್ದು ಇಂಜಿನ್ನೇ. ಆಗ ಫ್ಯಾನ್, ವಾಟರ್ ಪಂಪ್, ಥರ್ಮೋಸ್ಟಾಟ್, ರೇಡಿಯೇಟರ್ ನೋಡಿರಿ. ಗಡಸು ಬೋರಿನ ನೀರು ಹಾಕುವುದರಿಂದ ಒಲೆಯ ಮೇಲಿನ ಪಾತ್ರೆಯ ತಳದಂತೆ ರೇಡಿಯೇಟರಿನ ಕೊಳವೆಗೂ, ಸೆನ್ಸರಿನ ತುದಿಗೂ ಬಿಳಿ ಹರಳು ಕಟ್ಟುತ್ತದೆ. ಕೂಲಂಟ್ ಮತ್ತು ಶುದ್ಧ ನೀರಿನ ಮಿಶ್ರಣವೇ ಲೇಸು. ಹೊಸ ಸೆನ್ಸರ್ ಕೂಡಿಸಿದ ಮೇಲೆ ನೀರು ತುಂಬಿ, ಒಳಗಿನ ಗಾಳಿ ಹೊರಬಿಟ್ಟು, ಫ್ಯಾನ್ ಒಮ್ಮೆ ತಿರುಗಿ ನಿಲ್ಲುವವರೆಗೂ ಗಾಡಿ ನಿಂತಲ್ಲೇ ಚಾಲೂ ಇಟ್ಟು ನೋಡಿ, ಆಮೇಲೆ ಹೊರಡಿರಿ.