ಮನೆಯ ಗಣಕಯಂತ್ರದ ಮಂದಗತಿ

ನಮ್ಮ ಬೀದಿಯಲ್ಲಿ ನಿವೃತ್ತ ಕನ್ನಡ ಮೇಷ್ಟ್ರೊಬ್ಬರಿದ್ದಾರೆ. ತುಮಕೂರು ಸೀಮೆಯ ಬೇಸಾಯದ ಮಾತುಗಳನ್ನು ಕೂಡಿಡುವ ಹುಚ್ಚು ಅವರಿಗೆ. ಕೂರಿಗೆ, ಮೇಟಿ, ಮಿಣಿ, ಕಪಿಲೆ ಮೊದಲಾದ, ಇಂದಿನ ಹುಡುಗರ ಕಿವಿಗೆ ಬೀಳದ ಪದಗಳನ್ನು ಹನ್ನೆರಡು ವರ್ಷಗಳಿಂದ ಚೀಟಿಗಳಲ್ಲಿ ಗುರುತು ಹಾಕಿಕೊಂಡು ಬಂದು, ಸಂಜೆಯ ಹೊತ್ತು ಮನೆಯ ಕಂಪ್ಯೂಟರಿನಲ್ಲಿ ಅಕ್ಷರಾನುಕ್ರಮವಾಗಿ ಸೇರಿಸುವುದು ಅವರ ಪರಿಪಾಠ. 2014ರಲ್ಲಿ ಕೊಂಡ ಆ ಕಂಪ್ಯೂಟರು ಈಚೆಗೆ ಮೊಂಡು ಹಿಡಿಯಿತು. ಗುಂಡಿಯನ್ನೊತ್ತಿದರೆ ಪರದೆ ಸಿದ್ಧವಾಗುವುದಕ್ಕೆ ಹತ್ತು ನಿಮಿಷ. ಕಡತ ತೆರೆಯುವುದಕ್ಕೆ ಮತ್ತೆ ನಾಲ್ಕು ನಿಮಿಷ. ಒಂದು ಪದವನ್ನು ಒತ್ತಿದರೆ ಅಕ್ಷರಗಳು ಎಲ್ಲಿಯೋ ತಂಗಿದ್ದು, ಯೋಚಿಸಿ ಯೋಚಿಸಿ ಒಂದೊಂದಾಗಿ ಹೊರಗೆ ಬರುತ್ತಿದ್ದವು.

ಮೇಷ್ಟ್ರು ಇಬ್ಬರನ್ನು ಕೇಳಿದರು. ರಿಪೇರಿಯ ಅಂಗಡಿಯವನು, “ಫಾರ್ಮ್ಯಾಟ್ ಹೊಡೆದುಬಿಡೋಣ ಸಾರ್, ಹೊಸದರ ಹಾಗೆ ಓಡುತ್ತೆ” ಎಂದನು. ಅವರ ನೆಂಟರಲ್ಲಿ ತಿಳಿವಳಿಕೆಯುಳ್ಳವರೆಂದು ಹೆಸರಾದ ಒಬ್ಬರು, ಅದಕ್ಕೆ ವಯಸ್ಸಾಯಿತೆಂದೂ ಎಸೆದು ಹೊಸದು ತರುವುದೇ ವಿವೇಕವೆಂದೂ ತೀರ್ಪುಕೊಟ್ಟರು. ಈ ಎರಡು ಮಾತುಗಳಲ್ಲೊಂದನ್ನು ಕೇಳಿಸಿಕೊಳ್ಳದ ಮನೆ ಇಂದು ವಿರಳ. ಎರಡೂ ಮಾತುಗಳಲ್ಲಿ ಒಂದು ಕೊರತೆಯಿದೆ. ಯಂತ್ರ ಏಕೆ ನಿಧಾನಿಸಿತೆಂದು ಇಬ್ಬರೂ ಕೇಳಲಿಲ್ಲ.

ಯಂತ್ರಕ್ಕೂ ಮನುಷ್ಯನಂತೆ ಮುಪ್ಪು ಬರುತ್ತದೆಯೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಗಾಡಿಯ ಅಚ್ಚು ಸವೆಯುತ್ತದೆ, ಬಸ್ಸಿನ ಎಂಜಿನ್ನು ಸವೆಯುತ್ತದೆ. ಕಂಪ್ಯೂಟರೂ ಸವೆದಿರಬೇಕೆಂದು ಊಹಿಸುತ್ತೇವೆ. ಆದರೆ ಅದರಲ್ಲಿ ಲೆಕ್ಕ ಮಾಡುವ ಭಾಗವಾದ ಪ್ರೊಸೆಸರಿನಲ್ಲಿ ಚಲಿಸುವ ಅಂಗವೇ ಇಲ್ಲ. ಸೆಕೆಂಡಿಗೆ 300 ಕೋಟಿ ಸಲ ಮಿಡಿಯುವಂತೆ ರಚಿತವಾದದ್ದು ಹತ್ತು ವರ್ಷಗಳ ಮೇಲೂ 300 ಕೋಟಿ ಸಲವೇ ಮಿಡಿಯಬಲ್ಲದು. ಧೂಳು ಕಟ್ಟಿ ಬೀಸಣಿಗೆ ತಿರುಗದಾದಾಗ, ಅಥವಾ ಪ್ರೊಸೆಸರಿನ ಮೇಲೆ ಬಳಿದ ಶಾಖವಾಹಕ ಲೇಪ ಒಣಗಿದಾಗ, ಅದು ಕಾವೇರಿ ತನ್ನ ಗತಿಯನ್ನು ತಾನೇ ತಗ್ಗಿಸಿಕೊಳ್ಳುತ್ತದೆ, ನಿಜ. ಒಂದು ಕುಂಚವೂ ಸ್ವಲ್ಪ ಲೇಪವೂ ಇದಕ್ಕೆ ಸಾಕು. ಮಿಕ್ಕ ಸಂದರ್ಭಗಳಲ್ಲಿ ನಮ್ಮ ಕಣ್ಣಿಗೆ ನಿಧಾನವಾಗಿ ದುಡಿಯುತ್ತಿರುವಂತೆ ಕಾಣುವ ಯಂತ್ರ ವಾಸ್ತವವಾಗಿ ದುಡಿಯುತ್ತಲೇ ಇರುವುದಿಲ್ಲ. ಯಾವುದಕ್ಕೋ ಕಾಯುತ್ತ ಕುಳಿತಿರುತ್ತದೆ.

ಏತಕ್ಕೆ ಕಾಯುತ್ತದೆ? ಹಳೆಯ ಕಾಲದ ತೊಟ್ಟಿಮನೆಯ ಅಡುಗೆಮನೆಯನ್ನು ಓದುಗರು ನೆನೆಯಬೇಕು. ಅಡುಗೆಯವನೇ ಪ್ರೊಸೆಸರು. ಅವನ ಕೈಗೆಟಕುವ ಕಟ್ಟೆ ಮೆಮೊರಿ, ಎಂದರೆ ರ್‍ಯಾಮ್. ಏಣಿ ಹಾಕಿ ಹತ್ತಬೇಕಾದ ಅಟ್ಟವೇ ಹಾರ್ಡ್ ಡಿಸ್ಕು. ಕಟ್ಟೆಯ ಮೇಲಿಟ್ಟದ್ದು ವಿದ್ಯುತ್ತು ಹೋದೊಡನೆ ಮಾಯವಾಗುತ್ತದೆ, ಅಟ್ಟದಲ್ಲಿಟ್ಟದ್ದು ಉಳಿಯುತ್ತದೆ. ಬೇಕಾದ ಸಾಮಾನೆಲ್ಲ ಕಟ್ಟೆಯ ಮೇಲಿದ್ದರೆ ಅಡುಗೆ ಸರಾಗ. ಇಲ್ಲದಿದ್ದರೆ ಒಂದು ಚಿಟಿಕೆ ಇಂಗಿಗೂ ಏಣಿ ಹತ್ತಬೇಕು.

ಈ ಅಂತರ ಎಷ್ಟೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಪ್ರೊಸೆಸರಿನ ಒಂದು ಮಿಡಿತವನ್ನು ಒಂದು ಸೆಕೆಂಡಿಗೆ ಹಿಗ್ಗಿಸಿಕೊಳ್ಳೋಣ. ಆಗ ಮೆಮೊರಿಯಿಂದ ಒಂದು ವಸ್ತುವನ್ನು ತರುವುದಕ್ಕೆ ಸುಮಾರು ಐದು ನಿಮಿಷ ಹಿಡಿಯುತ್ತದೆ. ತಿರುಗುವ ಹಾರ್ಡ್ ಡಿಸ್ಕಿನಿಂದ ತರುವುದಕ್ಕಾದರೋ ಸುಮಾರು 416 ದಿನ! ಅತಿಶಯೋಕ್ತಿಯಲ್ಲ. ಡಿಸ್ಕಿನ ಮೇಲಿನ ಮುಳ್ಳು ಬೇಕಾದ ಜಾಡಿಗೆ ಸರಿದು, ಬೇಕಾದ ಜಾಗ ಅದರ ಕೆಳಗೆ ತಿರುಗಿ ಬರುವಷ್ಟರಲ್ಲಿ ಸರಾಸರಿ 12 ಮಿಲಿಸೆಕೆಂಡು ಕಳೆಯುತ್ತದೆ. ಅಷ್ಟರಲ್ಲಿ ಪ್ರೊಸೆಸರು ಮೂರು ಕೋಟಿ ಅರವತ್ತು ಲಕ್ಷ ಸಲ ಮಿಡಿದಿರುತ್ತದೆ. ಅಡುಗೆಯವನು ಇಂಗಿಗಾಗಿ ಒಂದು ವರ್ಷಕ್ಕೂ ಮಿಕ್ಕಿ ಕೈಕಟ್ಟಿ ನಿಂತಂತಾಯಿತು.

ಈ ಡಿಸ್ಕಿನ ಚರಿತ್ರೆ ವಿಚಿತ್ರವಾದದ್ದು. 1956ರಲ್ಲಿ ಐ.ಬಿ.ಎಂ. ಕಂಪೆನಿ ಹೊರತಂದ ಮೊದಲ ಡಿಸ್ಕು ಒಂದು ದೊಡ್ಡ ಬೀರುವಿನಷ್ಟಿತ್ತು. 24 ಅಂಗುಲ ವ್ಯಾಸದ 50 ತಟ್ಟೆಗಳು ಅದರಲ್ಲಿ ನಿಮಿಷಕ್ಕೆ 1200 ಸುತ್ತು ಸುತ್ತುತ್ತಿದ್ದವು. ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ. ಇಂದು ಅಂಗೈಯಗಲದ ಡಿಸ್ಕು ಒಂದು ಲಕ್ಷ ಕೋಟಿ ಅಕ್ಷರಗಳನ್ನು ಹಿಡಿಯುತ್ತದೆ. ಎರಡು ಲಕ್ಷ ಪಟ್ಟು ಏರಿಕೆ. ಆದರೆ ಮನೆಯ ಕಂಪ್ಯೂಟರುಗಳಲ್ಲಿ ಅದು ತಿರುಗುವುದು ನಿಮಿಷಕ್ಕೆ 5400 ಅಥವಾ 7200 ಸುತ್ತು ಮಾತ್ರ. ಹೆಚ್ಚೆಂದರೆ ಆರು ಪಟ್ಟು. ಅಟ್ಟ ಊರಗಲ ಬೆಳೆಯಿತು. ಏಣಿ ಹತ್ತುವವನ ಕಾಲು ಮಾತ್ರ ಅದಕ್ಕೆ ತಕ್ಕಂತೆ ಬೆಳೆಯಲಿಲ್ಲ.

ಕಟ್ಟೆ ಚಿಕ್ಕದಾದಾಗ ಅಟ್ಟದ ಒಂದು ಮೂಲೆಯನ್ನೇ ಕಟ್ಟೆಯೆಂದು ಭಾವಿಸಿ ಸಾಮಾನನ್ನು ಅದಲುಬದಲು ಮಾಡುವ ಉಪಾಯವನ್ನು 1962ರ ಹೊತ್ತಿಗೆ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಅಟ್ಲಾಸ್ ಎಂಬ ಯಂತ್ರದಲ್ಲಿ ಕಾರ್ಯಗತಗೊಳಿಸಿದರು. ಒಳ್ಳೆಯ ಉಪಾಯವೇ. ಆದರೆ ಕೆಲಸಗಳು ಹೆಚ್ಚಿ ಕಟ್ಟೆ ತೀರ ಸಾಲದಾದರೆ, ಒಂದನ್ನು ಇಳಿಸಿ ಇನ್ನೊಂದನ್ನು ಏರಿಸುವುದರಲ್ಲಿಯೇ ಹೊತ್ತು ಮುಗಿದು, ಒಲೆಯ ಮೇಲೆ ಏನೂ ಬೇಯುವುದಿಲ್ಲ. ಅಮೆರಿಕದ ಪೀಟರ್ ಡೆನಿಂಗ್ 1968ರಲ್ಲಿ ಈ ಒದ್ದಾಟದ ಕಾರಣವನ್ನು ವಿವರಿಸಿ ಪ್ರಬಂಧ ಬರೆದರು. ಅಂದು ವಿಶ್ವವಿದ್ಯಾನಿಲಯಗಳ ಮಹಾಯಂತ್ರಗಳಿಗೆ ಬಂದಿದ್ದ ಆ ರೋಗವೇ ಇಂದು, ಬ್ರೌಸರಿನಲ್ಲಿ ಮೂವತ್ತು ಪುಟಗಳನ್ನು ತೆರೆದಿಟ್ಟುಕೊಂಡ ವಿದ್ಯಾರ್ಥಿಯ ಮೇಜಿನ ಮೇಲೂ ಕಾಣಿಸಿಕೊಳ್ಳುತ್ತದೆ.

ತಪ್ಪೆಲ್ಲ ಬಳಸುವವನದೇ ಎನ್ನುವುದೂ ನ್ಯಾಯವಲ್ಲ. ಪ್ಯಾಸ್ಕಲ್ ಭಾಷೆಯ ಕರ್ತೃವಾದ ಸ್ವಿಟ್ಜರ್ಲೆಂಡಿನ ನಿಕ್ಲಾಸ್ ವಿರ್ತ್ 1995ರಲ್ಲಿಯೇ ಯಂತ್ರಗಳು ಚುರುಕಾಗುವ ವೇಗಕ್ಕಿಂತ ತಂತ್ರಾಂಶಗಳು ಭಾರವಾಗುವ ವೇಗ ಹೆಚ್ಚೆಂದು ಎಚ್ಚರಿಸಿದ್ದರು. ಅದೇ ವರ್ಷ ಬಂದ ವಿಂಡೋಸ್ 95ಕ್ಕೆ ಕನಿಷ್ಠ 4 ಮೆಗಾಬೈಟು ಮೆಮೊರಿ ಸಾಕಾಗಿತ್ತು. 2021ರಲ್ಲಿ ಬಂದ ವಿಂಡೋಸ್ 11 ಕನಿಷ್ಠ 4 ಗಿಗಾಬೈಟು ಕೇಳುತ್ತದೆ. ಸಾವಿರ ಪಟ್ಟಿಗೂ ಸ್ವಲ್ಪ ಹೆಚ್ಚು. ಒಂದು ಕನ್ನಡ ಪದವನ್ನು ಬರೆದಿಡುವ ಕೆಲಸ ಈ ಅವಧಿಯಲ್ಲಿ ಸಾವಿರ ಪಟ್ಟು ಕಷ್ಟವಾಯಿತೇ? ಮೇಷ್ಟ್ರು ಈ ಪ್ರಶ್ನೆಯನ್ನು ನನಗೆ ಕೇಳಿದಾಗ ಉತ್ತರ ಹೊಳೆಯಲಿಲ್ಲ.

ಇರಲಿ. ಮೇಷ್ಟ್ರ ಯಂತ್ರದ ಕಥೆಗೆ ಮರಳೋಣ. ರಜೆಗೆ ಬಂದಿದ್ದ ಅವರ ಮೊಮ್ಮಗ ಸಲಹೆಗಳನ್ನು ಬದಿಗಿಟ್ಟು, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದನು. ವಿಂಡೋಸಿನಲ್ಲಿ ಇದರಿಂದ ತೆರೆಯುವ ಟಾಸ್ಕ್ ಮ್ಯಾನೇಜರ್ ಎಂಬ ಕಿಟಕಿ, ಯಂತ್ರದ ನಾಡಿಯನ್ನು ಹಿಡಿದು ನೋಡುವ ಸಾಧನ. ಪ್ರೊಸೆಸರು ನೂರರ ಹತ್ತಿರವಿದ್ದರೆ ನಿಜವಾಗಿಯೂ ಯಾವುದೋ ಕೆಲಸ ಅದನ್ನು ದುಡಿಸುತ್ತಿದೆ. ಯಾವುದೆಂದು ಅಲ್ಲಿಯೇ ಹೆಸರು ಕಾಣುತ್ತದೆ. ಮೆಮೊರಿ ತುಂಬಿದ್ದರೆ ಕಟ್ಟೆ ಸಾಲದು. ಡಿಸ್ಕು ನೂರಕ್ಕೆ ನೂರಿದ್ದು ಪ್ರೊಸೆಸರು ಐದೋ ಆರೋ ಇದ್ದರೆ, ಅಡುಗೆಯವನು ಸುಮ್ಮನೆ ಕುಳಿತಿದ್ದಾನೆ, ತೊಂದರೆಯಿರುವುದು ಅಟ್ಟದಲ್ಲಿ.

ಮೇಷ್ಟ್ರದು ಈ ಕೊನೆಯ ಬಗೆ. ಆದರೆ ಹುಡುಗನಿಗೆ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಡಿಸ್ಕು ಪೂರ್ತಿ ಮಗ್ನವಾಗಿದ್ದರೂ ಅದರಿಂದ ಬರುತ್ತಿದ್ದ ಮಾಹಿತಿ ಅತ್ಯಲ್ಪ. ಡಿಸ್ಕು ತನ್ನ ಆರೋಗ್ಯದ ದಾಖಲೆಯನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಸ್ಮಾರ್ಟ್ ಎಂದು ಅದಕ್ಕೆ ಹೆಸರು. ಅದನ್ನು ಓದುವ ಉಚಿತ ತಂತ್ರಾಂಶಗಳಿವೆ. ಓದಿ ನೋಡಿದರೆ, ತಟ್ಟೆಯ ಹಲವು ಜಾಗಗಳು ಕೆಟ್ಟಿದ್ದವು. ಕೆಟ್ಟ ಜಾಗ ಸಿಕ್ಕಿದಾಗ ಡಿಸ್ಕು ಥಟ್ಟನೆ ಸೋಲೊಪ್ಪುವುದಿಲ್ಲ. ಅದೇ ಜಾಗವನ್ನು ಮತ್ತೆ ಮತ್ತೆ ಓದಲು ಪ್ರಯತ್ನಿಸುತ್ತದೆ. ಹತ್ತು ನಿಮಿಷದ ಕಾಯುವಿಕೆಯ ಗುಟ್ಟು ಇದು.

“ತಾತ, ಇದು ನಿಧಾನ ಆಗಿರೋದಲ್ಲ, ಸಾಯ್ತಾ ಇರೋದು. ಮೊದಲು ನಿಮ್ಮ ಕಡತಗಳನ್ನ ಹೊರಗೆ ತೆಗೀಬೇಕು” ಎಂದನಂತೆ.

“ಫಾರ್ಮ್ಯಾಟ್ ಹೊಡೆಸಿದ್ದಿದ್ರೆ ಏನಾಗ್ತಿತ್ತೋ ಮಗು?”

“ಹನ್ನೆರಡು ವರ್ಷವೂ ಹೋಗ್ತಿತ್ತು ತಾತ.”

ಈ ಸಂಭಾಷಣೆಯನ್ನು ನನಗೆ ಹೇಳುವಾಗ ಮೇಷ್ಟ್ರ ಧ್ವನಿ ಸ್ವಲ್ಪ ಅದುರಿತು. ಆದ್ದರಿಂದ, ಕಂಪ್ಯೂಟರನ್ನು ಚುರುಕುಗೊಳಿಸಲು ಹೊರಡುವವರು ಮೊದಲು ಮಾಡಬೇಕಾದದ್ದು ಚುರುಕುಗೊಳಿಸುವುದಲ್ಲ; ತಮ್ಮ ಬರಹ, ಚಿತ್ರಗಳ ಒಂದು ಪ್ರತಿಯನ್ನು ಬೇರೊಂದು ಡಿಸ್ಕಿಗೆ ತೆಗೆದುಕೊಳ್ಳುವುದು. ಡಿಸ್ಕಿನಿಂದ ಟಿಕ್ ಟಿಕ್ ಎಂದು ಸದ್ದು ಬರುತ್ತಿದ್ದರಂತೂ ಬೇರೆ ಯಾವ ಪ್ರಯೋಗಕ್ಕೂ ಕೈಹಾಕಬಾರದು. ಪ್ರತಿ ತೆಗೆಯಲು ಮೊಮ್ಮಗನಿಗೆ ಎರಡು ಹಗಲು ಒಂದು ರಾತ್ರಿ ಹಿಡಿಯಿತು. ಎರಡು ಕಡತಗಳು ಮಾತ್ರ ಬರಲಿಲ್ಲ. ಒಂದು ಯಾವುದೋ ವಿದ್ಯುತ್ತಿನ ಬಿಲ್ಲು. ಇನ್ನೊಂದು ‘ಹ’ಕಾರ.

ಕನ್ನಡದಲ್ಲಿ ಬರೆಯುವವರಿಗೆ ಇಲ್ಲಿ ಇನ್ನೊಂದು ತೊಡಕುಂಟು. ಹಳೆಯ ನುಡಿ, ಬರಹ ತಂತ್ರಾಂಶಗಳಲ್ಲಿ ಬರೆದದ್ದು ಯೂನಿಕೋಡ್ ಸಂಕೇತದಲ್ಲಿರದೆ ಆಯಾ ಅಕ್ಷರಶೈಲಿಗೆ ಕಟ್ಟುಬಿದ್ದಿರುತ್ತದೆ. ಆ ಅಕ್ಷರಶೈಲಿಯಿಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಕನ್ನಡವಲ್ಲ, ರೋಮನ್ ಅಕ್ಷರಗಳ ಕಲಸುಮೇಲೋಗರ. ಎಷ್ಟೋ ಹಳೆಯ ಯಂತ್ರಗಳನ್ನು ಗುಜರಿಗೆ ಹಾಕುವಾಗ ಅವುಗಳ ಜೊತೆಗೆ ಆ ಬರಹವನ್ನು ಓದುವ ಸೌಕರ್ಯವೂ ಹೋಗುತ್ತದೆ. ಮೇಷ್ಟ್ರ ಕಡತಗಳನ್ನು ಪರಿವರ್ತಕದ ಮೂಲಕ ಯೂನಿಕೋಡಿಗೆ ತಂದುಕೊಂಡದ್ದು ಒಂದು ವಾರದ ಕೆಲಸ. ಪರಿವರ್ತಕವು ಒತ್ತಕ್ಷರಗಳಲ್ಲಿ ಮಾಡಿದ ತಪ್ಪುಗಳನ್ನು ಅವರೇ ಕುಳಿತು ತಿದ್ದಿದರು.

ಇನ್ನು ಚುರುಕುಗೊಳಿಸುವ ಮಾತು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳ ಸಾಲಿನಲ್ಲಿ ಮೊಮ್ಮಗ ಕೊಂಡದ್ದು ಎರಡೇ ವಸ್ತು: ಒಂದು ಎಸ್‌ಎಸ್‌ಡಿ, ಇನ್ನೊಂದು 4 ಗಿಗಾಬೈಟು ಮೆಮೊರಿಯ ಪಟ್ಟಿ. ಎರಡೂ ಸೇರಿ ಹೊಸ ಯಂತ್ರದ ಬೆಲೆಯ ಒಂದು ಸಣ್ಣ ಪಾಲು. ಎಸ್‌ಎಸ್‌ಡಿ ಎಂಬುದು ತಟ್ಟೆಯೂ ಮುಳ್ಳೂ ಇಲ್ಲದ, ಬರಿಯ ಚಿಪ್ಪುಗಳ ಡಿಸ್ಕು. ಹಿಂದಿನ ಲೆಕ್ಕದಲ್ಲಿ 416 ದಿನ ಹಿಡಿಯುತ್ತಿದ್ದ ಕೆಲಸ ಇದಕ್ಕೆ ಮೂರೂವರೆ ದಿನದ್ದು. ಹಾರ್ಡ್ ಡಿಸ್ಕಿನಿಂದಲೇ ನಡೆಯುವ ಹಳೆಯ ಯಂತ್ರಕ್ಕೆ ಇದರಷ್ಟು ಗುಣಕೊಡುವ ಮದ್ದು ಬೇರೊಂದಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಕಾಸು ಖರ್ಚಿಲ್ಲದ ಮದ್ದುಗಳೂ ಇವೆ. ಯಂತ್ರ ಎದ್ದೊಡನೆ ತಾವೂ ಏಳುವ, ನಾವು ಕರೆಯದ ಅತಿಥಿಗಳಂತಹ ತಂತ್ರಾಂಶಗಳನ್ನು ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಎಂಬ ವಿಭಾಗದಲ್ಲಿ ತಡೆಯಬಹುದು. ಬೇಡವಾದ ಬ್ರೌಸರ್ ಪುಟಗಳನ್ನು ಮುಚ್ಚಬಹುದು. ಡಿಸ್ಕಿನಲ್ಲಿ ಸ್ವಲ್ಪ ಜಾಗವನ್ನು ತೆರವಾಗಿಡಬಹುದು. ಒಂದೇ ಗುಂಡಿಯಲ್ಲಿ ಎಲ್ಲವನ್ನೂ ಶುದ್ಧಿಮಾಡಿ ವೇಗ ಹತ್ತು ಪಟ್ಟು ಹೆಚ್ಚಿಸುತ್ತೇವೆಂದು ಜಾಹೀರಾತು ಕೊಡುವ ತಂತ್ರಾಂಶಗಳ ಮಾತು ಬೇರೆ. ಅವು ವಿಂಡೋಸಿನ ರೆಜಿಸ್ಟ್ರಿಯನ್ನು ಕೆದಕಿ ಹೊಸ ರೋಗ ತಂದದ್ದೇ ಹೆಚ್ಚು. ಅಂಥವನ್ನು ಬಳಸುವುದನ್ನು ಮೈಕ್ರೊಸಾಫ್ಟ್ ಕಂಪೆನಿಯೇ ಬೆಂಬಲಿಸುವುದಿಲ್ಲ. ಚೆದುರಿದ ಕಡತಗಳನ್ನು ಒಟ್ಟುಗೂಡಿಸುವ ಡಿಫ್ರ್ಯಾಗ್ ಎಂಬ ವಿಧಾನ ತಿರುಗುವ ತಟ್ಟೆಗೆ ಒಳ್ಳೆಯದು. ಎಸ್‌ಎಸ್‌ಡಿಗೆ ಅದರಿಂದ ಗುಣವಿಲ್ಲ, ವೃಥಾ ಸವೆತ.

ಒಂದು ಗೋಡೆ ಮಾತ್ರ ಅಡ್ಡ ನಿಂತಿತು. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಆದರೋ 2014ರ ಪ್ರೊಸೆಸರನ್ನು ತನ್ನ ಪಂಕ್ತಿಯಲ್ಲಿ ಕೂರಿಸುವುದಿಲ್ಲ. ವೇಗವಾಗಿ ಓಡಬಲ್ಲ ಯಂತ್ರವೊಂದು ಬರಿಯ ಪಟ್ಟಿಯಲ್ಲಿ ಹೆಸರಿಲ್ಲವೆಂಬ ಕಾರಣಕ್ಕೆ ನಿರುಪಯೋಗಿಯೆನಿಸುವುದು ನನಗಂತೂ ಸಮ್ಮತವಿಲ್ಲ. ಮೊಮ್ಮಗ ಅದರಲ್ಲಿ ಲಿನಕ್ಸನ್ನು ಹಾಕಿದನು. ಹೆಚ್ಚು ಮೆಮೊರಿ ಬೇಡದ ಎಕ್ಸ್‌ಎಫ್‌ಸಿಇ ಎಂಬ ಹಗುರವಾದ ಪರದೆ. ಬರೆಯುವುದಕ್ಕೆ ಲಿಬ್ರೆ ಆಫೀಸ್. ಮೇಷ್ಟ್ರ ಬೆರಳುಗಳಿಗೆ ರೂಢಿಯಾದ ನುಡಿಯ ಕೀಲಿಮಣೆಯ ವಿನ್ಯಾಸ ಅಲ್ಲಿಯೂ ದೊರೆಯಿತು. ಮೊದಲ ವಾರ ಗುಂಡಿಗಳು ಇದ್ದೆಡೆ ಇಲ್ಲವೆಂದು ಗೊಣಗಿದರು. ಎಲ್ಲರಿಗೂ ಇದು ಒಗ್ಗುತ್ತದೆಯೆಂದು ನಾನು ಹೇಳಲಾರೆ. ವಿಂಡೋಸಿಗೆಂದೇ ರಚಿತವಾದ ಲೆಕ್ಕಪತ್ರದ ತಂತ್ರಾಂಶವನ್ನೋ ಮತ್ತೊಂದನ್ನೋ ನಂಬಿದವರಿಗೆ ಹೊಸ ಯಂತ್ರವೇ ದಾರಿಯಾದೀತು.

ಮೊನ್ನೆ ಸಂಜೆ ಅವರ ಮನೆಗೆ ಹೋಗಿದ್ದೆ. ಗುಂಡಿಯನ್ನೊತ್ತಿ ಅರ್ಧ ನಿಮಿಷದೊಳಗೆ ಪರದೆ ಸಿದ್ಧವಾಯಿತು. ಯಂತ್ರದ ಪಕ್ಕದಲ್ಲಿ ಹಳದಿಗಟ್ಟಿದ ಚೀಟಿಗಳ ಕಟ್ಟೊಂದು ಬಿಚ್ಚಿಕೊಂಡಿತ್ತು. ಮೇಷ್ಟ್ರು ಕನ್ನಡಕವನ್ನು ಮೇಲಕ್ಕೆ ಸರಿಸಿ, ಒಂದು ಚೀಟಿಯನ್ನು ಬೆಳಕಿಗೆ ಹಿಡಿದು ಓದಿ, ‘ಹಗೇವು’ ಎಂಬ ಪದವನ್ನು ಎರಡನೆಯ ಸಲ ಬರೆಯತೊಡಗಿದರು.